ಜುಂಜಯ್ಯನ ಜೀಪಿಗೆ ಬೇರೆ ಕಂಪನಿಯ ಥ್ರಾಟಲ್

ದಿಲಾವರನಿಗೆ ಸಾಕಾಗಿತ್ತು. ಏನು ಸಾಕಾಗಿತ್ತು ಅಂತ ಕೇಳಿದರೆ ಒಂದನ್ನು ಬೊಟ್ಟು ಮಾಡಿ ತೋರಿಸುವ ಹಾಗಿರಲಿಲ್ಲ. ಸೊಂಟ, ಕಣ್ಣು, ಗ್ರೀಸು, ಗಿರಾಕಿ ಎಲ್ಲ ಸೇರಿ ಸಾಕಾಗಿತ್ತು. ಚಿತ್ರದುರ್ಗದ ದೊಡ್ಡಪೇಟೆಯ ಗಲ್ಲಿಯಲ್ಲಿ ಅವನ ಗ್ಯಾರೇಜು. ಶಟರ್ ಎತ್ತುವಾಗ ‘ಯಾ ಅಲ್ಲಾ’ ಎನ್ನುವುದು ಮೊದಲೆಲ್ಲ ಭಕ್ತಿಯಿಂದ ಬರುತ್ತಿತ್ತು, ಈಗೀಗ ಬೆನ್ನುನೋವಿನಿಂದ ಬರುತ್ತಿತ್ತು. ‘ಈ ರಂಜಾನ್ ಮುಗಿದ್ಮೇಲೆ ಬಾಗ್ಲು ಹಾಕಿಬಿಡ್ತೀನಿ’ ಅಂತ ಹೆಂಡತಿ ಶಬನಾಗೆ ಹೇಳಿದ್ದ. ಅವಳು ‘ಯಾವ ವರ್ಷದ ರಂಜಾನ್?’ ಅಂತ ಕೇಳಿ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ್ದಳು.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಜುಂಜಯ್ಯನ ಜೀಪು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು.

ಜುಂಜಯ್ಯ ಐಮಂಗಲದ ಆಚೆ ಒಂದು ಹಟ್ಟಿಯ ಕುರಿಗಾರ. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆದಮೇಲೆ ಅವನ ದನಿ ಪೂರ್ತಿ ಹೋಗಿತ್ತು. ಕತ್ತಿನ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದ. ಅವನ ಜೀಪಾದರೂ ನೆಟ್ಟಗಿನದೇ? ಮೈ ಹಳೇ ಜೀಪಿನದು, ಎದೆ ಬೇರೆಯದು. ಹೈವೇಯಲ್ಲಿ ಪಲ್ಟಿಯಾದ ಯಾವುದೋ ಕಾರಿನ ಪೆಟ್ರೋಲ್ ಇಂಜಿನ್ ಕೂರಿಸಿ, ಪೆಟ್ರೋಲ್ ಅಳೆದು ಕೊಡಲು ಹೊರಗಡೆಯ ಕಂಪ್ಯೂಟರ್ ಹಾಕಿ, ವೈರೆಲ್ಲ ತಾನೇ ಎಳೆದು, ದಿಲಾವರನೇ ವರ್ಷಗಳ ಹಿಂದೆ ಕಟ್ಟಿಕೊಟ್ಟಿದ್ದ ಕಲಬೆರಕೆ ಗಾಡಿ ಅದು. ಹುಟ್ಟಿಸಿದ ತಪ್ಪಿಗೆ ಜೀವಮಾನವಿಡೀ ಸಾಕಬೇಕು ನೋಡು ಎಂದು ಗೊಣಗುತ್ತಾ ಬಾನೆಟ್ ಎತ್ತಿದ.

ಏನಾಗಿದೆ ಅಂತ ಜುಂಜಯ್ಯನ ಹೆಂಡತಿ ಚಿತ್ತಮ್ಮ ಫೋನಿನಲ್ಲಿ ಮೊದಲೇ ಹೇಳಿದ್ದಳು. ‘ಕಾಲು ತೆಗುದ್ರೂ ನಿಲ್ಲಾಕಿಲ್ಲ ಸಾಬ್ರೇ, ಹಾರ್ಕಂಡು ಹೋಗ್ತೈತೆ. ನಿನ್ನೆ ಒಂದು ಮರಿ ಚಕ್ರಕ್ಕೆ ಸಿಕ್ಕಿ ಹೋಗ್ಬಿಡ್ತು. ನಮ್ಮೋರು ಉಂಡಿಲ್ಲ.’

ನೋಡಿದರೆ ಥ್ರಾಟಲ್ ಬಾಡಿ ಹೋಗಿತ್ತು. ಇಂಜಿನ್ ಉಸಿರಾಡುವ ಬಾಗಿಲು ಅದು. ಕಾಲು ಒತ್ತಿದರೆ ಒಳಗಿನ ತಟ್ಟೆ ತೆರೆದು ಗಾಳಿ ಬಿಡಬೇಕು, ಕಾಲು ಎತ್ತಿದರೆ ಮುಚ್ಚಬೇಕು. ತಟ್ಟೆಯ ಕಂಬಿ ಸವೆದು ಸವೆದು ಲಟಪಟ ಅನ್ನುತ್ತಿತ್ತು. ಮುಚ್ಚಿದಾಗಲೂ ಸಂದಿಯಿಂದ ಗಾಳಿ ಎಳೆಯುತ್ತಿತ್ತು, ಒಮ್ಮೊಮ್ಮೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಈ ಜೀಪು ನಿಂತಲ್ಲೇ ‘ಹೂಂಯ್’ ಅಂತ ಏರಿ, ‘ಗುರ್ರ್’ ಅಂತ ಇಳಿದು, ಮತ್ತೆ ಏರುತ್ತಿದ್ದುದೂ ಈ ಕಳ್ಳಗಾಳಿಯಿಂದಲೇ. ಸರ್ವೀಸಿಗೆ ಬಂದಾಗಲೆಲ್ಲ ಆ ಸದ್ದು ಕೇಳಿ ದಿಲಾವರ ಹಲ್ಲು ಕಚ್ಚುತ್ತಿದ್ದ. ಪ್ರತಿಸಲ ಜುಂಜಯ್ಯ ಅದನ್ನು ಮುಟ್ಟಬೇಡ ಎನ್ನುವಂತೆ ಕೈ ಆಡಿಸುತ್ತಿದ್ದ. ಖರ್ಚಿಗೆ ಹೆದರುತ್ತಾನೆ, ಜಿಪುಣ ಅಂತ ದಿಲಾವರ ತಿಳಿದಿದ್ದ.

‘ಇದು ರಿಪೇರಿ ಆಗಲ್ಲ ಜುಂಜಣ್ಣ. ಇಟ್ಕಂಡ್ರೆ ಇನ್ನೊಂದು ಜೀವ ತಗಂತೈತೆ’ ಅಂತ ಜೀಪಿನ ಜೊತೆ ಬಂದಿದ್ದ ಜುಂಜಯ್ಯನಿಗೆ ಹೇಳಿದ.

ಆ ಕಾರಿನ ಕಂಪನಿ ಆ ಸಾಮಾನು ಮಾಡುವುದನ್ನೇ ಬಿಟ್ಟಿತ್ತು. ಕೊನೆಗೆ ಗುಜರಿಯಲ್ಲಿ ಸಿಕ್ಕಿದ್ದು ಬೇರೆ ಕಂಪನಿಯ ಕಾರಿನದು. ಮಾಲು ಗಟ್ಟಿಯಾಗಿತ್ತು, ಆದರೆ ಒಂದಾದರೂ ಹೊಂದಬೇಕಲ್ಲ! ಇದಕ್ಕೆ ಬೋಲ್ಟು ಮೂರು, ಇಂಜಿನ್ನಿನಲ್ಲಿ ನಾಲ್ಕು. ಬಾಯಿ ಹಳೇದಕ್ಕಿಂತ ಅಗಲ. ಕೇಬಲ್ ಎಳೆಯುವುದು ಎದುರು ಬದಿಯಿಂದ. ಬೇರೆ ಮನೆಯ ಸೊಸೆಯನ್ನು ತಂದ ಹಾಗೆ ಎಲ್ಲವನ್ನೂ ಒಂದೊಂದಾಗಿ ಒಗ್ಗಿಸಬೇಕಾಯಿತು. ಲೇತಿನಲ್ಲಿ ದಪ್ಪ ಅಲ್ಯೂಮಿನಿಯಂ ಪ್ಲೇಟು ಕಡಿಸಿ, ಒಂದು ಮುಖಕ್ಕೆ ಹಳೇ ತೂತು, ಇನ್ನೊಂದು ಮುಖಕ್ಕೆ ಹೊಸ ತೂತು ಹೊಡೆಸಿ, ಒಳಬಾಯಿಯನ್ನು ಇಳಿಜಾರಾಗಿ ಉಜ್ಜಿ, ಎರಡೂ ಕಡೆ ಪ್ಯಾಕಿಂಗ್ ಕೊಟ್ಟು ಬಿಗಿದ. ಕೇಬಲ್ಲಿಗೆ ಹೊಸ ಹಿಡಿಕೆ ವೆಲ್ಡ್ ಮಾಡಿದ.

ಇನ್ನೇನು ಮುಗಿಯಿತು ಅಂತ ಲ್ಯಾಪ್‌ಟಾಪ್ ತೆರೆದರೆ ಕಂಪ್ಯೂಟರ್ ತಿರುವುಮುರುವು ಹೇಳತೊಡಗಿತು. ಕಾಲು ಎತ್ತಿದರೆ ಪೂರ್ತಿ ಒತ್ತಿದ್ದೀಯ ಅನ್ನುತ್ತದೆ, ಒತ್ತಿದರೆ ಎತ್ತಿದ್ದೀಯ ಅನ್ನುತ್ತದೆ. ತಟ್ಟೆ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರು ಈ ಕಂಪನಿಯಲ್ಲಿ ಉಲ್ಟಾ ತಿರುಗುತ್ತಿತ್ತು. ‘ಸಾಯ್ಲಿ ನಿನ್ನ’ ಅಂತ ಬೈದು, ಎರಡು ವೈರು ಅದಲುಬದಲು ಮಾಡಿ, ಮುಚ್ಚಿದ್ದು ಯಾವುದು ತೆರೆದದ್ದು ಯಾವುದು ಎಂದು ಕಂಪ್ಯೂಟರಿಗೆ ಹೊಸದಾಗಿ ಪಾಠ ಹೇಳಿದ. ಅಷ್ಟರಲ್ಲಿ ಅವನ ಕತ್ತು ಹಿಡಿದುಕೊಂಡು ತಿರುಗದಂತಾಗಿತ್ತು.

ಸ್ಟಾರ್ಟ್ ಮಾಡಿದ. ಇಂಜಿನ್ ಹಿಡಿಯಿತು, ಒಂದೇ ಸಮನೆ ಓಡಿತು. ಏರಿಲ್ಲ, ಇಳಿದಿಲ್ಲ. ಅವನ ಉಸ್ತಾದ್ ಕಲಿಸಿದ ಒಂದು ಪರೀಕ್ಷೆಯಿತ್ತು. ಓಡುವ ಇಂಜಿನ್ ಮೇಲೆ ತುಂಬಿದ ಟೀ ಲೋಟ ಇಡುವುದು. ಟೀ ಚೆಲ್ಲಿದರೆ ಗಾಡಿ ಗ್ಯಾರೇಜಿನ ಹೊಸಲು ದಾಟುವ ಹಾಗಿಲ್ಲ. ದಿಲಾವರ ಇಟ್ಟ, ಟೀ ಕದಲಲಿಲ್ಲ. ಎಷ್ಟೋ ದಿನದ ಮೇಲೆ ಅವನಿಗೆ ಒಂದು ಘಳಿಗೆ ಆಯಾಸ ಮರೆತುಹೋಯಿತು.

ಮಾರನೇ ದಿನ ಜೀಪು ಒಯ್ಯಲು ಬಂದ ಜುಂಜಯ್ಯ ಕಿವಿಗೊಟ್ಟು ನಿಂತ. ಮುಖ ಸಣ್ಣಗಾಯಿತು. ದಿಲಾವರನ ಕಡೆ ತಿರುಗಿ ಅಂಗೈ ಚಾಚಿ, ಮೇಲೆ ಕೆಳಗೆ, ಮೇಲೆ ಕೆಳಗೆ ಅಲೆಯಂತೆ ಆಡಿಸಿದ. ಆಮೇಲೆ ಬಾನೆಟ್ ತಟ್ಟಿದ. ಮತ್ತೆ ಅಂಗೈ ಆಡಿಸಿದ.

‘ಹೋಯ್ತು ಬಿಡ್ರಿ, ಆ ಕುಣಿತ ಎಲ್ಲ ಹೋಯ್ತು’ ಅಂತ ದಿಲಾವರ ನಕ್ಕ. ‘ಹೊಸ ಗಾಡಿ ಥರ ಐತೆ, ಕಣ್ಮುಚ್ಕಂಡು ಹೋಗ್ರಿ.’ ಜುಂಜಯ್ಯ ಇನ್ನೇನೋ ಹೇಳಲು ಕೈ ಎತ್ತಿದ, ಸುಮ್ಮನೆ ಇಳಿಸಿದ. ಮಾತಿಲ್ಲದವನಿಗೂ ದಣಿವಾಗುತ್ತದೆ ಅಂತ ದಿಲಾವರನಿಗೆ ಆಗ ಹೊಳೆಯಲಿಲ್ಲ.

ಆ ವಾರ ಕಳೆಯುವುದರೊಳಗೆ ಚಿತ್ತಮ್ಮನ ಫೋನು ಬಂತು.

‘ಸಾಬ್ರೇ, ಕುರಿ ರೊಪ್ಪ ಬಿಟ್ಟು ಮೇಯಾಕೆ ಹೊಂಡವಲ್ಲವು. ಸೊಪ್ಪು ಕಡುದು ಹಾಕಿ ಸಾಕಾತು. ನಮ್ ಹರೀಶ ಹೊಸದುರ್ಗದ ಯಾಪಾರಿಗೆ ಹೇಳ್ಬಿಟ್ಟವನೆ. ನಾಳೆ ಬೆಳಿಗ್ಗೆ ಲಾರಿ ಬರ್ತೈತೆ, ಅಷ್ಟೂ ಕುರಿ ತುಂಬ್ಕಂಡು ಹೋಗಾಕೆ.’ ಹರೀಶ ಅವಳ ಮಗ, ಹೊಳಲ್ಕೆರೆ ಕಡೆ ಬಸ್ಸು ಓಡಿಸುತ್ತಿದ್ದ.

‘ಕುರಿ ಹೊಂಡ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಕ್ಕಾ? ದನದ ಡಾಕ್ಟರ್‌ನ ಕರೀರಿ!’

‘ಡಾಕ್ಟ್ರು ಬ್ಯಾಡ, ನೀವೇ ಬರ್ರಿ’ ಅಂದಳು. ‘ಜೀಪು ಸರಿಯಿಲ್ಲ.’

ಜೀಪು ಸರಿಯಿಲ್ಲ! ದಿಲಾವರನಿಗೆ ಅಂಗಾಲಿನಿಂದ ಸಿಟ್ಟು ಏರಿತು. ತನ್ನ ಕೈಯಿಂದ ಹೋದ ಗಾಡಿಗಳಲ್ಲಿ ಅದರಷ್ಟು ಸರಿಯಾದದ್ದು ಇನ್ನೊಂದಿಲ್ಲ ಎಂದು ಅವನು ಆಣೆ ಮಾಡಿ ಹೇಳಬಲ್ಲ. ಆದರೂ ಟೂಲ್ಸಿನ ಚೀಲ, ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತಿದ. ಸೀಟು ಸಿಗಲಿಲ್ಲ. ಐಮಂಗಲದಲ್ಲಿ ಇಳಿದು ಮಣ್ಣುದಾರಿಯಲ್ಲಿ ನಡೆದ. ಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳು ಗಾಳಿಯಿಲ್ಲದೆ ನಿಂತಿದ್ದವು, ಚೀಲದ ಪಟ್ಟಿ ಹೆಗಲು ಕೊಯ್ಯುತ್ತಿತ್ತು.

ಹಟ್ಟಿಯ ಅಂಚಿನಲ್ಲಿ ಜಾಲಿಮುಳ್ಳಿನ ರೊಪ್ಪ. ಒಳಗೆ ಕುರಿಗಳು ಒತ್ತೊತ್ತಾಗಿ ನಿಂತು, ಬಾಗಿಲು ತೆರೆದಿದ್ದರೂ ಹೊರಗೆ ಬರದೆ ನೆಲ ನೋಡುತ್ತಿದ್ದವು. ಜುಂಜಯ್ಯ ಜೀಪಿನ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕೂತಿದ್ದ. ಇಂಜಿನ್ ಚಾಲೂ ಇತ್ತು, ಬೆಣ್ಣೆಯ ಹಾಗೆ ಓಡುತ್ತಿತ್ತು.

‘ಸರೀನೇ ಐತಲ್ಲಕ್ಕಾ!’ ಅಂದ ದಿಲಾವರ.

‘ಅದೇ ಆಗಿರೋದು’ ಅಂದಳು ಚಿತ್ತಮ್ಮ. ‘ಕುಂತ್ಕಳ್ರಿ, ಹೇಳ್ತೀನಿ. ಇವರು ಮೊದಲು ಒಂದು ಕೂಗು ಹಾಕಿದ್ರೆ ಅಷ್ಟೂ ಕುರಿ ಹಿಂದೆ ಹೊಂಡವು. ಗಂಟ್ಲು ಹೋತು ನೋಡ್ರಿ, ನಾನು ಕೂಗ್ದೆ, ಹರೀಶ ಕೂಗ್ದ, ಅವು ಕ್ಯಾರೇ ಅನ್ಲಿಲ್ಲ. ಆಮೇಲೆ ಒಂದಿನ ಇವರು ಜೀಪಿನಾಗೆ ಮೇವು ಹಾಕ್ಕಂಡು ಮೆಲ್ಲಕೆ ಮುಂದೆ ಹೊಂಟ್ರು, ಕುರಿ ಹಿಂದೆ ಹೊಂಟವು. ಮೇವಿಗೆ ಅಂದ್ಕಂಡೆ ನಾನು. ಮೇವು ಇಲ್ದಿದ್ರೂ ಹೊಂಟವು. ಜೀಪು ಏರಿ ಇಳ್ದು ಏರಿ ಇಳ್ದು ಅಂತಿತ್ತಲ್ಲ, ಇವರ ಕೂಗೂ ಹಂಗೇ ಇತ್ತು ಸಾಬ್ರೇ. ಅವುಕ್ಕೆ ಅದೇ ಇವರ ದನಿ ಆಗಿಬಿಡ್ತು.’

ದಿಲಾವರನಿಗೆ ಗ್ಯಾರೇಜಿನಲ್ಲಿ ಮೇಲೆ ಕೆಳಗೆ ಆಡಿದ್ದ ಆ ಅಂಗೈ ಕಣ್ಣ ಮುಂದೆ ಬಂತು. ಅದನ್ನು ನೋಡಿ ತಾನು ನಕ್ಕಿದ್ದೂ ನೆನಪಾಯಿತು. ಎಂಥ ಕತ್ತೆ ನಾನು ಅಂತ ಅವನಿಗೆ ನಾಚಿಕೆಯಾಯಿತು.

ನಾಚಿಕೆಯ ಬೆನ್ನಿಗೇ ರೇಗಿತು. ‘ಹಳೇದು ವಾಪಸ್ ಹಾಕು ಅನ್ಬ್ಯಾಡ್ರಿ. ಅದು ಕೊಲ್ಲೋ ಮಾಲು, ನನ್ನ ಕೊಂದ್ರೂ ಅದನ್ನ ಹಾಕಲ್ಲ. ಇನ್ನು ಹೊಸದ್ನ ಕೆಡಿಸು ಅಂತೀರಾ? ಕೆಟ್ಟಿದ್ ಸರಿ ಮಾಡ್ತಾ ಮಾಡ್ತಾ ಮುದುಕ ಆದೆ ಅಕ್ಕಾ ನಾನು. ಕೆಡಿಸಾದು ನಂಗೆ ಬರಲ್ಲ.’

ಚಿತ್ತಮ್ಮ ಟೀ ಇಡಲು ಒಳಗೆ ಹೋದಳು. ಜುಂಜಯ್ಯ ರೊಪ್ಪದ ಕಡೆ ನೋಡುತ್ತಾ ಕೂತೇ ಇದ್ದ. ಆ ನೋಟವನ್ನು ತಾಳಲಾರದೆ ದಿಲಾವರ ಚೀಲ ಬಿಚ್ಚಿದ.

ಕೆಡಿಸುವುದು ಸುಲಭ ಅಂದುಕೊಂಡವರು ಮಾಡಿ ನೋಡಬೇಕು. ಪ್ಲೇಟಿನ ಬೋಲ್ಟು ಸಡಿಲಿಸಿದರೆ ಇಂಜಿನ್ ಏದುಸಿರು ಬಿಟ್ಟು ನಿಂತೇ ಹೋಯಿತು. ಕೊಂಚ ಬಿಗಿದರೆ ಕಂಪ್ಯೂಟರ್ ಹೊಂಚುಹಾಕಿದ್ದ ಹಾಗೆ ಸರಿಮಾಡಿ ಮತ್ತೆ ನುಣ್ಣಗೆ ಓಡಿಸಿತು. ತಾನೇ ಪಾಠ ಹೇಳಿದ್ದಲ್ಲವೇ, ಬಡ್ಡೀಮಗಂದು ಚೆನ್ನಾಗಿಯೇ ಕಲಿತಿತ್ತು. ಕೊನೆಗೆ ಪ್ಲೇಟು ಬಿಚ್ಚಿ, ಬದಿಗೆ ಕೈಡ್ರಿಲ್ಲಿನಲ್ಲಿ ಸಣ್ಣ ತೂತು ಕೊರೆದು, ಅದಕ್ಕೊಂದು ಸ್ಕ್ರೂ ಕೂರಿಸಿದ. ಸ್ಕ್ರೂ ತೆರೆದಷ್ಟು ಕಳ್ಳಗಾಳಿ. ಬಗ್ಗಿದ ಸೊಂಟ ನೆಟ್ಟಗಾಗಲು ಒಪ್ಪದೆ, ಮಡ್‌ಗಾರ್ಡ್ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ.

ಆಮೇಲೆ ಲ್ಯಾಪ್‌ಟಾಪ್ ತೆಗೆದು, ಯಾವ ವೇಗಕ್ಕೆ ಪೆಟ್ರೋಲ್ ನಿಲ್ಲಿಸಬೇಕು ಎನ್ನುವ ಅಂಕಿಯನ್ನು ತಗ್ಗಿಸಿದ. ಕಾಲು ಎತ್ತಿದ್ದರೂ ಇಂಜಿನ್ ಜೋರಾಗಿ ತಿರುಗಿದರೆ, ಗಾಡಿ ಇಳಿಜಾರಿನಲ್ಲಿದೆ ಅಂತ ತಿಳಿದು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬಿದ್ದರೆ ಮತ್ತೆ ಕೊಡುತ್ತದೆ. ಇನ್ನು ಕಳ್ಳಗಾಳಿ ಎತ್ತಬೇಕು, ಕಂಪ್ಯೂಟರ್ ಬೀಳಿಸಬೇಕು. ಹಳೇ ಕುಣಿತದ ಗುಟ್ಟೂ ಇಷ್ಟೇ ಆಗಿತ್ತು.

ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ತಿರುಗಿಸಿದ. ಇಂಜಿನ್ ಏರಿತು, ಬಿದ್ದಿತು, ಏರಿತು. ಆದರೆ ಇದು ಆ ಸದ್ದೇ? ದಿಲಾವರನಿಗೆ ಗೊತ್ತಾಗಲಿಲ್ಲ. ಅಷ್ಟು ವರ್ಷ ಅದನ್ನು ಬೈದಿದ್ದನೇ ಹೊರತು ಕೇಳಿರಲಿಲ್ಲ.

‘ಜುಂಜಣ್ಣ, ಬರ್ರಿ ಇಲ್ಲಿ. ಅವತ್ತು ಕೈಯಾಗೆ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳ್ರಿ. ಈ ಸಲ ಕೇಳಿಸ್ಕಂತೀನಿ.’

ಜುಂಜಯ್ಯ ಎದ್ದು ಬಂದು ಎದುರಿಗೆ ನಿಂತ. ಅಂಗೈ ಚಾಚಿದ. ಕೈ ನಿಧಾನವಾಗಿ ಮೇಲೇರಿತು, ಅಲ್ಲಿ ಒಂದಿಷ್ಟು ತಡೆಯಿತು, ಥಟ್ಟನೆ ಜಾರಿ ಕೆಳಗಿಳಿಯಿತು. ಮತ್ತೆ ಏರಿತು. ದಿಲಾವರ ಆ ಕೈಯನ್ನೇ ನೋಡುತ್ತಾ ಸ್ಕ್ರೂ ತಿರುಗಿಸಿದ, ಅಂಕಿ ಬದಲಿಸಿದ, ಮತ್ತೆ ತಿರುಗಿಸಿದ. ಬೇಗ ಬಿದ್ದರೆ ಜುಂಜಯ್ಯ ತಲೆ ಅಲ್ಲಾಡಿಸಿದ. ತಡವಾದರೆ ತುಟಿ ಸೊಟ್ಟ ಮಾಡಿದ. ಬಿಸಿಲು ನೆತ್ತಿ ಸುಟ್ಟಿತು, ಬೆವರು ಕಣ್ಣಿಗೆ ಇಳಿಯಿತು. ಬಿಟ್ಟು ಎದ್ದು ಹೋಗಿಬಿಡೋಣ ಅಂತ ದಿಲಾವರನಿಗೆ ಎಷ್ಟು ಸಲ ಅನ್ನಿಸಿತೋ.

ಕೊನೆಗೊಮ್ಮೆ ಕೈಯೂ ಸದ್ದೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ‘ಹೂಂಯ್... ಗುರ್ರ್... ಹೂಂಯ್...’ ಜುಂಜಯ್ಯನ ಕೈ ಗಾಳಿಯಲ್ಲೇ ನಿಂತಿತು.

ರೊಪ್ಪದಲ್ಲಿ ಒಂದು ಮುದಿ ಕುರಿ ತಲೆ ಎತ್ತಿತು. ಕಿವಿ ಆಡಿಸಿತು. ಎರಡು ಹೆಜ್ಜೆ ಬಂದು ನಿಂತಿತು. ಕುರಿ ಒಮ್ಮೆ ಕೂಗಿ ಬಾಗಿಲು ದಾಟಿತು, ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ ಮೈಮೇಲೆ ಬಿದ್ದ ಹಾಗೆ ನುಗ್ಗಿ ಬಂದು ಜೀಪನ್ನು ಮುತ್ತಿಕೊಂಡಿತು. ದಿಲಾವರನ ಚೀಲ ಕಾಲ್ತುಳಿತಕ್ಕೆ ಸಿಕ್ಕಿತು. ‘ಏ, ಏ, ನಿಮ್ಮಪ್ಪನ್ ಮನೆ ಸ್ಪ್ಯಾನರ್ರಾ ಅದು!’ ಅಂತ ಕೂಗುತ್ತಾ ಬಗ್ಗಿ ಚೀಲ ಎಳೆದುಕೊಂಡ.

ಟೀ ತಂದ ಚಿತ್ತಮ್ಮ ಲೋಟವನ್ನು ಅವನ ಕೈಗೆ ಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಫೋನು ಹಚ್ಚಿದಳು. ‘ಲೇ ಹರೀಶ, ಲಾರಿ ಬ್ಯಾಡ ಅಂತೇಳು. ಬ್ಯಾಡ ಅಂದ್ರೆ ಬ್ಯಾಡ ಕಣಪ್ಪ. ನಿಮ್ಮಪ್ಪ ಹೊಂಟ.’

ದಿಲಾವರ ಅಭ್ಯಾಸಬಲದಿಂದ ತುಂಬಿದ ಲೋಟವನ್ನು ಓಡುತ್ತಿದ್ದ ಇಂಜಿನ್ ಮೇಲೆ ಇಟ್ಟ. ಲೋಟ ಕಟಕಟ ನಡುಗಿ, ಸರಿದು, ಉರುಳಿ ಅಷ್ಟೂ ಟೀ ಚೆಲ್ಲಿಕೊಂಡಿತು. ಅವನು ಅದನ್ನು ನೋಡುತ್ತಾ ನಿಂತು, ಆಮೇಲೆ ಸ್ಕ್ರೂವಿನ ನಟ್ಟನ್ನು ಬಿಗಿದು, ಯಾರೂ ಮುಟ್ಟದಿರಲೆಂದು ಮೇಲೆ ಕುರಿಗೆ ಗುರುತು ಹಾಕುವ ಕೆಂಪು ಬಣ್ಣ ಬಳಿದ. ‘ಇದನ್ನ ಯಾವನಾರ ಮೆಕ್ಯಾನಿಕ್ಕು ಸರಿ ಮಾಡ್ತೀನಿ ಅಂದ್ರೆ ಕೈ ಮುರೀರಿ. ನಾನಾದ್ರೂ ಅಷ್ಟೇ’ ಅಂದ.

ಜುಂಜಯ್ಯ ಹತ್ತಿ ಗೇರ್ ಹಾಕಿದ. ಜೀಪು ಕುರಿಯ ನಡಿಗೆಯಲ್ಲಿ ಹೊರಟಿತು, ಹಿಂಡು ಹಿಂದೆ ಹೊರಟಿತು. ಪಕ್ಕದಲ್ಲಿ ನಡೆಯುತ್ತಿದ್ದ ದಿಲಾವರ ಆಗ ಕಂಡ: ಇಂಜಿನ್ ಏರುವಾಗಲೆಲ್ಲ ಜುಂಜಯ್ಯನ ಬಾಯಿ ತೆರೆಯುತ್ತಿತ್ತು, ಇಳಿಯುವಾಗ ಮುಚ್ಚುತ್ತಿತ್ತು. ದಿಲಾವರ ಅಲ್ಲೇ ನಿಂತುಬಿಟ್ಟ. ಹಿಂಡು ಅವನ ಎರಡೂ ಬದಿಯಿಂದ ಹಾದುಹೋಯಿತು.

ಶಬನಾ ಫೋನ್ ಮಾಡಿದಳು. ‘ಸರಿ ಆಯ್ತಾ ಗಾಡಿ?’

‘ಕೇಳು’ ಅಂತ ಫೋನನ್ನು ಜೀಪು ಹೋದ ದಿಕ್ಕಿಗೆ ಎತ್ತಿ ಹಿಡಿದ. ಕೈ ನೋಯುವವರೆಗೂ ಹಿಡಿದೇ ಇದ್ದ.

‘ಏನ್ರೀ ಇದು, ಇಂಜಿನ್ ಏರಿ ಏರಿ ಬೀಳ್ತೈತೆ. ಏನೂ ಸರಿ ಮಾಡಿಲ್ಲ ನೀವು’ ಅಂದಳು ಇಷ್ಟು ವರ್ಷ ಮೆಕ್ಯಾನಿಕನ ಜೊತೆ ಬಾಳಿದವಳು.

‘ಇಂಜಿನ್ ಅಲ್ಲ ಅದು’ ಅಂದ ದಿಲಾವರ. ‘ಜುಂಜಣ್ಣ ಕುರಿ ಕರೀತಾ ಅವನೆ.’