ಎಫ್ರೈನ್ ಕೊಟ್ಟ ಸ್ಪ್ಲಿಟರ್

ಅದನ್ನು ತಂದು ನನ್ನ ಊಟದ ಮೇಜಿನ ಮೇಲೆ ಮಲಗಿಸಿದಾಗಲೇ ನನಗೆ ಹೇಸಿಗೆಯಾಗಿತ್ತು. ನೆನೆಹಾಕಿದ್ದ ರಾಜ್ಮಾ ಪಾತ್ರೆಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ನನ್ನ ತಮ್ಮ ಎಫ್ರೈನ್ ನಗುತ್ತ ನಿಂತ. ಕಾರಿನ ಮುಂದಿನ ಬಂಪರಿನ ಕೆಳಗೆ ನಾಲಿಗೆ ಚಾಚಿದ ಹಾಗೆ ಕೂರುವ ಹಲಗೆ ಅದು, ಸ್ಪ್ಲಿಟರ್ ಅನ್ನುತ್ತಾರೆ. ಮೇಲ್ಗಡೆ ಕನ್ನಡಿಯಂಥ ಕಪ್ಪು ಹೊಳಪು. ಕೆಳಗಡೆ ಇನ್ನೂ ಒಣಗದ ಅಂಟು, ಬೆಕ್ಕು ಉಚ್ಚೆ ಹೊಯ್ದಂಥ ವಾಸನೆ. ನಡುವೆ ಕೆಂಪು ಅಕ್ಷರಗಳಲ್ಲಿ ಅವನ ಹೆಸರು, ಅವನ ಗ್ಯಾರೇಜಿನದೂ ಅದೇ.

"ತಗೋ ನೇನಾ, ಮಾಮನ ಉಡುಗೊರೆ," ಅಂದ ನನ್ನ ಮಗಳಿಗೆ. ಹುಡುಗಿಯರನ್ನು ಮುದ್ದಿಗೆ ಇಲ್ಲಿ ನೇನಾ ಅನ್ನುತ್ತಾರೆ.

ಮಗಳು ಯಾರೆಲಿಸ್ ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನಗಳನ್ನೆಲ್ಲ ಸುರಿದು ಒಂದು ಹಳೆಯ ಎರಡು ಬಾಗಿಲಿನ ಮಾಜ್ಡಾ ಕಾರನ್ನು ಬದುಕಿಸಿದ್ದಳು. ಆ ಭಾನುವಾರ ದಕ್ಷಿಣ ತೀರದ ರೇಸ್ ಪಥದಲ್ಲಿ ಮೊದಲ ಸಲ ಓಡಿಸುವವಳಿದ್ದಳು. ಆದರೆ ವೇಗ ಏರಿದಾಗ ಕಾರಿನ ಮೂತಿ ಎದ್ದು ಬರುತ್ತಿತ್ತು. "ಸ್ಟೀರಿಂಗ್ ಕಾಗದ ಹಿಡಿದಷ್ಟು ಹಗುರ ಆಗ್ಬಿಡುತ್ತೆ ಅಮ್ಮ," ಅಂದಿದ್ದಳು. ಗಾಳಿಯೇ ಮೂತಿಯನ್ನು ಒತ್ತಿ ಹಿಡಿಯಲಿ ಎಂದು ಈ ಸ್ಪ್ಲಿಟರ್. ಅದು ಸರಿಯಾಗಿ ಕೂತರೆ ಅವಳು ಓಡಿಸಬಹುದು. ಇಲ್ಲದಿದ್ದರೆ ನಾನು ಕಳಿಸುವುದಿಲ್ಲ, ಅವಳೂ ಹೋಗುವುದಿಲ್ಲ.

ಕಯೇ ಊರಿನವನೊಬ್ಬ ಮಾಡಿದ ಮಂಕು ಬಣ್ಣದ ರಬ್ಬರಿನ ಸ್ಪ್ಲಿಟರೊಂದನ್ನು ಅವಳೇ ಹುಡುಕಿ ತಂದಿದ್ದಳು. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಗೋಡೆಗೆ ಒರಗಿಸಿತ್ತು.

"ಇದಾ?" ಎಫ್ರೈನ್ ಅದನ್ನು ಕಾಲಿನಿಂದ ತಟ್ಟಿದ. "ಜಿರಳೆ ಒಳಗೆ ಬರದಿರಲಿ ಅಂತ ಬಾಗಿಲ ಕೆಳಗೆ ಹಾಕ್ತಾರಲ್ಲ, ಅದು. ನಿಮ್ಮಜ್ಜಿ ಕಾರಿಗೆ ಹಾಕು."

ಯಾರೆಲಿಸ್ ನಕ್ಕಳು. ಮಾಮನ ಎದುರು ಅವಳು ಯಾವಾಗಲೂ ಮೊದಲು ನಗುತ್ತಾಳೆ.

ನಮ್ಮದು ಬೆಟ್ಟದ ಮನೆ. ಕಾರು ನಿಲ್ಲಿಸುವ ಜಾಗದಿಂದ ರಸ್ತೆಗೆ ಕಡಿದಾದ ಇಳಿಜಾರು. ಅದಕ್ಕೇ ಇಲ್ಲಿಯವರು ಮಾಲ್ಟಾ ಪಾನೀಯದ ಡಬ್ಬಿಯನ್ನು ಅಡ್ಡ ಮಲಗಿಸಿ ಬಂಪರಿನ ಕೆಳಗೆ ಉರುಳಿಸಿ ನೋಡುತ್ತಾರೆ; ಡಬ್ಬಿ ಒಳಗೆ ಹೋದರೆ ಇಳಿಯುವಾಗ ಮೂತಿ ರಸ್ತೆಗೆ ತಗಲುವುದಿಲ್ಲ. ಹೊಸ ಸ್ಪ್ಲಿಟರನ್ನು ತಿರುಪು ಹಾಕಿ ಕೂರಿಸಿದ ಮೇಲೆ ಎಫ್ರೈನ್ ಡಬ್ಬಿಯನ್ನು ಕಾಲಲ್ಲೇ ದಬ್ಬಿದ. ಅದು ಸಲೀಸಾಗಿ ಒಳಗೆ ಹೋಯಿತು.

"ನೋಡು, ಇನ್ನೇನು ಬೇಕು ನಿನಗೆ?"

ಅವನು ಹಲಗೆ ಬಿಗಿಯುವಾಗ ಹಿಡಿದುಕೊಂಡಿದ್ದ ಯಾರೆಲಿಸಳ ಅಂಗೈಗೆಲ್ಲ ಅದರ ಫೈಬರ್‌ಗ್ಲಾಸಿನ ಎಳೆಗಳು ಚುಚ್ಚಿದ್ದವು. ಅಡುಗೆಮನೆಯಲ್ಲಿ ಕೂರಿಸಿ ಅಂಟುಪಟ್ಟಿ ಒತ್ತಿ ಒತ್ತಿ ಕಿತ್ತೆ.

"ನಿನಗೆ ಹಿಡಿಸ್ತಾ?"

"ಚೆನ್ನಾಗಿ ಕಾಣುತ್ತಲ್ಲಮ್ಮ."

"ಕಾಣೋದನ್ನ ನಾನು ಕೇಳ್ಲಿಲ್ಲ."

ಅವಳು ಕೈ ನೋಡಿಕೊಂಡಳು. "ಬೇಡ ಅಂದ್ರೆ ಮಾಮ ಬೇಜಾರು ಮಾಡ್ಕೋತಾನೆ."

"ಸರಿ. ಆ ರಬ್ಬರಿನದನ್ನ ಸೋಮವಾರದವರೆಗೆ ವಾಪಸ್ ಕೊಡಬೇಡ," ಅಂದು ಇನ್ನೊಂದು ಪಟ್ಟಿ ಹರಿದೆ.

ಶನಿವಾರ ಕಾರನ್ನು ಪಥಕ್ಕೆ ಸಿದ್ಧ ಮಾಡಬೇಕಿತ್ತು. ಹಿಂಬದಿಯಲ್ಲಿ ಎಫ್ರೈನ್ ತನ್ನ ಗ್ಯಾರೇಜಿನ ಪ್ರಚಾರಕ್ಕೆಂದು ಇಟ್ಟಿದ್ದ ಸ್ಪೀಕರ್ ಪೆಟ್ಟಿಗೆ ಇತ್ತು, ಫ್ರಿಜ್ಜಿನಷ್ಟು ಭಾರದ್ದು. ಪಥದಲ್ಲಿ ಅಂಥದ್ದಕ್ಕೆಲ್ಲ ಜಾಗವಿಲ್ಲ. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಇಳಿಸಿದರು. ಬಟ್ಟೆ ಹರವುತ್ತಿದ್ದ ನನಗೆ ಕಾರಿನ ಬೆನ್ನು ಮೇಲೆದ್ದು ಮೂತಿ ಬಾಗಿದ್ದು ಕಂಡಿತು. ಅದಕ್ಕೆ ಏನರ್ಥ ಎಂದು ನನಗೂ ಹೊಳೆಯಲಿಲ್ಲ. ಆ ಪೆಟ್ಟಿಗೆ ಹೊತ್ತ ಕಾರನ್ನೇ ನೋಡಿ ನೋಡಿ ನಮಗೆಲ್ಲ ರೂಢಿಯಾಗಿತ್ತು.

ಪರೀಕ್ಷೆಗೆಂದು ಯಾರೆಲಿಸ್ ಕಾರನ್ನು ಇಳಿಜಾರಿನಲ್ಲಿ ಇಳಿಸಿದಳು. ಕೆಳಗೆ ತಲುಪಿದ್ದೇ ಕರ್ರೆಂದು ಸದ್ದಾಗಿ ಹಲಗೆಯ ಮೂಲೆ ಸಿಡಿಯಿತು. ರಸ್ತೆಯಂಚಿನಲ್ಲಿ ಹಿಂದಿನ ದಿನ ಯಾರದೋ ಗಾಡಿಗೆ ಸಿಕ್ಕಿದ್ದ, ಉಡದಷ್ಟು ದೊಡ್ಡ ಇಗ್ವಾನ ಹಲ್ಲಿ ಬಿಸಿಲಿಗೆ ಉಬ್ಬಿ ಬಿದ್ದಿತ್ತು. ಹಲಗೆ ಅದನ್ನು ಸಲಿಕೆಯ ಹಾಗೆ ಬಾಚಿತು. ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಹಳದಿ ಲೋಳೆ ಆ ಕಪ್ಪು ಹೊಳಪಿನ ಮೇಲೆಲ್ಲ ಹರಿದು, ಬಾಲ ಕೆಂಪು ಅಕ್ಷರಗಳಿಗೆ ಸುತ್ತಿಕೊಂಡಿತು. ನೊಣಗಳು ಮುತ್ತಿದವು. ನಾನು ಏಪ್ರನ್ನಿನಿಂದ ಮೂಗು ಮುಚ್ಚಿಕೊಂಡೆ.

"ಇಳಿಸೋಕೇ ಬರಲ್ಲ ನಿನಗೆ," ಎಫ್ರೈನ್ ಮೇಲಿನಿಂದ ನಕ್ಕ. "ಓರೆಯಾಗಿ ಇಳಿಸ್ಬೇಕಿತ್ತು."

ಯಾರೆಲಿಸ್ ಕಾರನ್ನು ಮೇಲೆ ತಂದು ಸಮತಟ್ಟಿನಲ್ಲಿ ನಿಲ್ಲಿಸಿದಳು. ಮಾಲ್ಟಾ ಡಬ್ಬಿ ಮಲಗಿಸಿ, ಒಡೆಯದೆ ಉಳಿದಿದ್ದ ಕಡೆ ದಬ್ಬಿದಳು. ಒಳಗೆ ಹೋಗಲಿಲ್ಲ.

"ಮಾಮ, ನಾವು ಅಳೆದದ್ದು ನಿನ್ನ ಪೆಟ್ಟಿಗೆ ಒಳಗಿದ್ದಾಗ. ಹಿಂದೆ ಭಾರ ಇತ್ತು, ಮೂತಿ ಮೇಲಿತ್ತು."

"ಹಾಗಾದ್ರೆ ಹಿಂದೆ ಒಂದು ಸಿಮೆಂಟ್ ಮೂಟೆ ಎಸಿ."

"ಆ ವೇಗದಲ್ಲಿ ಮೂಟೆ ಬಂದು ನನ್ನ ಬೆನ್ನಿಗೆ ಬಡಿಯುತ್ತೆ."

"ಬಿಗಿಯಾಗಿ ಕಟ್ಟು. ನೀನು ಗೆಲ್ಲೋದೇನು ಬೇಡ ನೇನಾ. ನನ್ನ ಹೆಸರು ಅಲ್ಲಿ ನಾಲ್ಕು ಜನಕ್ಕೆ ಕಂಡ್ರೆ ಸಾಕು."

ಸತ್ತ ಹಲ್ಲಿಯಲ್ಲಿ ಹುಳು ನೋಡಿದರೂ ನನಗೆ ಆ ಮಾತು ಕೇಳಿದಷ್ಟು ಅಸಹ್ಯವಾಗದು. ಒಂದೇ ತಾಯಿಯ ಹಾಲು ಕುಡಿದು ಬೆಳೆದವರು ನಾವು. ಅವನ ಮುಖ ನೋಡಲಾಗದೆ ಮಗಳ ಕಡೆ ನೋಡಿದೆ. ಈ ಸಲ ಅವಳು ನಗಲಿಲ್ಲ. ಹಳೆಯ ಬೆಡ್‌ಶೀಟ್ ಹಾಸಿಕೊಂಡು ಕಾರಿನ ಕೆಳಗೆ ಸರಿದು ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಹಲಗೆಯನ್ನು ಎಳೆದು ಅವನ ಕೈಗಿಟ್ಟಳು.

"ಅಮ್ಮ, ರಬ್ಬರಿನದು ಇದ್ಯಾ?"

ನಾನಾಗಲೇ ತಂದಿದ್ದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅವಳು ಬಿಗಿದಳು. ಕೈಗೆ ಏನೂ ಚುಚ್ಚಲಿಲ್ಲ. ರಬ್ಬರು ಬಾಗಿ ದಾರಿ ಬಿಟ್ಟಿತು, ಡಬ್ಬಿ ಉರುಳಿ ಆಚೆ ಹೋಯಿತು.

ಎಫ್ರೈನ್ ತೊಟ್ಟಿಕ್ಕುತ್ತಿದ್ದ ಹಲಗೆಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದ. "ಅಕ್ಕ, ಇದಕ್ಕೆ ಸ್ವಲ್ಪ ನೀರು ಹಾಕೇ."

"ನಿನ್ನ ಹೆಸರಿರೋದು. ನೀನೇ ತೊಳ್ಕೋ," ಅಂದು ಪೈಪನ್ನು ಅವನ ಕಾಲ ಬಳಿ ಹಾಕಿದೆ.

ಯಾರೆಲಿಸ್ ಕಾರನ್ನು ಮತ್ತೆ ಇಳಿಸಿದಳು. ಕೊನೆಯಲ್ಲಿ ರಬ್ಬರು ರಸ್ತೆಯನ್ನು ಒಂದಿಷ್ಟು ಸವರಿ, ಬಾಗಿ, ನೆಟ್ಟಗಾಯಿತು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ತಿರುವಿನಾಚೆ ಹೋದಳು. ಹಿಂದೆ ಎಫ್ರೈನ್ ಬಾಯಲ್ಲಿ ಉಸಿರಾಡುತ್ತ ತನ್ನ ಹೆಸರಿನ ಮೇಲಿನ ಲೋಳೆಯನ್ನು ಉಜ್ಜುತ್ತಿದ್ದ.