ಹಸಿರು ಫ್ರಾಕಿನ ಒಳಮೈ

ತನ್ನ ಹೊಲಿಗೆ ಅಂಗಡಿಯ ಉದ್ದ ಮೇಜಿನ ಮೇಲೆ ಹಸಿರು ಫ್ರಾಕನ್ನು ಹರಡಿ, ಅಂಚು ಮಡಚಿ ನೋಡಿದವಳೇ ತಂಗಿ ಖುಷಿಯಿಂದ ಶಿಳ್ಳೆ ಹಾಕಿದಳು. ಬಿಸಿಲಿಗೂ ಒಗೆತಕ್ಕೂ ಹೊರಗೆ ಪೂರಾ ಬಣ್ಣಗೆಟ್ಟಿದ್ದ ಬಟ್ಟೆ ಒಳಗೆ ಇನ್ನೂ ಹೊಸದರ ಹಾಗೇ ಹಸಿರಾಗಿತ್ತು.

ಬೀದಿಯವರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕಸುಬಿಗೆ ಅರ್ಧ, ನಾಲಿಗೆಗೆ ಅರ್ಧ. ಹಳೆಯದನ್ನು ಹೊಸದು ಮಾಡುವುದರಲ್ಲಿ ಎತ್ತಿದ ಕೈ. ಸವೆದ ಕಾಲರು ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುವಿ ಹೊಲಿದು ಕೊಟ್ಟರೆ, ಇದು ನನ್ನ ಅಂಗಿಯೇ ಹೌದಾ ಎಂದು ಗಿರಾಕಿಗಳು ಬೆರಗಾಗುತ್ತಿದ್ದರು. ಕೂಲಿಗಿಂತ ಆ ಪ್ರಶ್ನೆಯೇ ಅವಳಿಗೆ ಇಷ್ಟ.

ಆದರೆ ಈ ಬಟ್ಟೆಗಳು ಗಿರಾಕಿಯವಲ್ಲ, ಅಕ್ಕನ ಮಗಳವು. ಏಳು ವರ್ಷದ ಆ ಮಗು ಜ್ವರದಲ್ಲಿ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅಕ್ಕನಿಗೆ ಉಳಿದದ್ದು ಒಂದು ಟ್ರಂಕು ಬಟ್ಟೆ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಗಂಡ ಒಮ್ಮೆ ಅದರ ಜಾಗ ಬದಲಿಸಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಈಚೆಗೆ ನುಸಿ ಹಿಡಿದು ಬಟ್ಟೆ ತೂತು ಬೀಳತೊಡಗಿದಾಗ ತಂಗಿ ಬೆನ್ನು ಬಿದ್ದಳು. ಹೀಗೇ ಬಿಟ್ಟರೆ ಪುಡಿಯಾಗುತ್ತದೆ, ಕೌದಿ ಮಾಡಿದರೆ ಹೊದ್ದು ಮಲಗಬಹುದು ಎಂದಳು. ಬಹಳ ಗೋಗರೆದ ಮೇಲೆ ಅಕ್ಕ ಒಂದು ದಿನ ತಾನೇ ಟ್ರಂಕು ತಂದಿಟ್ಟಿದ್ದಳು.

"ಇದು ಬಿಟ್ರೆ ನನ್ನತ್ರ ಏನೂ ಇಲ್ಲ ಕಣೆ. ನೋಡ್ಕೊಂಡು ಮಾಡು."

ತಂಗಿ ನೋಡಿಕೊಂಡೇ ಮಾಡಿದಳು. ತುಂಡುಗಳನ್ನು ನೆಲದ ಮೇಲೆ ಹಾಸಿ, ಕುರ್ಚಿ ಹತ್ತಿ ನಿಂತು ನೋಡಿ, ಇಳಿದು ಬದಲಿಸಿ, ಮತ್ತೆ ಹತ್ತಿದಳು. ಶಾಲೆಯ ನೀಲಿ ಲಂಗ ಸುತ್ತಂಚಿಗೆ, ಕೆಂಪು ಚೌಕಳಿಯ ಅಂಗಿಗಳು ಮೂಲೆಗಳಿಗೆ, ನಟ್ಟನಡುವೆ ಹಸಿರು ಫ್ರಾಕು. ಎಲ್ಲದರ ಒಳಮೈ ಮೇಲಕ್ಕೆ. ಫ್ರಾಕಿನ ಎದೆಯ ಮೇಲೆ, ಎಷ್ಟು ಒಗೆದರೂ ಹೋಗದ, ಕ್ರೆಯಾನ್ ಮೇಣದ ಗೀಚೊಂದಿತ್ತು. ಅದೂ ಅಡಿಗೆ ಹೋಯಿತಲ್ಲ ಎಂದು ಸಮಾಧಾನಪಟ್ಟಳು. ಇಷ್ಟು ಸವೆದ ಬಟ್ಟೆ ಮೆಷಿನ್ನಿಗೆ ತಾಳುವುದಿಲ್ಲವೆಂದು, ಹಳೆಯ ಹೊದಿಕೆಯೊಂದನ್ನು ಅಡಿಗಿಟ್ಟು, ಎಲ್ಲ ಪದರ ಸೇರಿಸಿ ಕೈಯಲ್ಲೇ ಒತ್ತೊತ್ತಾಗಿ ಹೊಲಿದಳು. ಅಷ್ಟು ಪ್ರೀತಿಯಿಂದ ಅವಳು ಯಾರಿಗೂ ಏನನ್ನೂ ಹೊಲಿದಿರಲಿಲ್ಲ.

ಅಕ್ಕನ ಮಂಚದ ಮೇಲೆ ಕೌದಿ ಹಾಸಿದಾಗ ಕೋಣೆಗೇ ಕಳೆ ಬಂತು. ತಂಗಿ ಸೊಂಟಕ್ಕೆ ಕೈಯಿಟ್ಟು ಹೊಗಳಿಕೆಗೆ ಕಾದಳು. ಅಕ್ಕ ಮಂಡಿಯೂರಿ ಅದರ ಮೇಲೆ ಕೈಯಾಡಿಸಿದಳು. ಮೂಲೆಯಿಂದ ಮೂಲೆಗೆ ಹೋದಳು, ಮತ್ತೆ ನಡುವಿಗೆ ಬಂದಳು.

"ಯಾರ ಬಟ್ಟೆನೇ ಇದು?"

ತಂಗಿ ನಕ್ಕುಬಿಟ್ಟಳು. ಗಿರಾಕಿಗಳೂ ಹೀಗೇ ಕೇಳುವುದು ಎಂದು ಕಾಲರಿನ ವಿದ್ಯೆಯನ್ನೆಲ್ಲ ವಿವರಿಸಿದಳು. ಅಕ್ಕನ ಮುಖ ನೋಡುತ್ತಾ ಅವಳ ದನಿ ತಾನಾಗಿಯೇ ಇಳಿಯಿತು.

"ಹಸಿರದ್ರಲ್ಲಿ ಗೀಚಿತ್ತಲ್ಲ," ಅಕ್ಕ ಹೇಳಿದಳು. "ಅಮ್ಮಾ, ಇದು ನೀನು ಅಂತ ನನ್ನ ಚಿತ್ರ ಬರ್ಕೊಂಡು ಬಂದಿದ್ಲು. ಹೊಸ ಫ್ರಾಕು ಹಾಳು ಮಾಡಿದ್ಲು ಅಂತ ಹೊಡೆದಿದ್ದೆ ನಾನು."

ಅದು ಅಡಿಯಲ್ಲೇ ಇದೆ, ಈಗಲೇ ಬಿಚ್ಚಿ ತಿರುವಿ ಕೊಡುತ್ತೇನೆ ಎಂದು ತಂಗಿ ಬ್ಲೇಡು ತೆಗೆದಳು. ಮೊದಲ ಹೊಲಿಗೆ ಎತ್ತಿದಾಗಲೇ ದಾರದ ಜೊತೆ ಬಟ್ಟೆಯೂ ಎಳೆಯೆಳೆಯಾಗಿ ಎದ್ದು ಬಂತು. ಮುಂದಿನದೂ ಹಾಗೇ. ಇಷ್ಟು ಒತ್ತಾಗಿ ಸೂಜಿ ಚುಚ್ಚಿಸಿಕೊಂಡ ಹಳೆ ಬಟ್ಟೆಯನ್ನು ಬಿಚ್ಚಿದರೆ ನೂಲಿನ ಮುದ್ದೆ ಸಿಗುತ್ತದೆಯೇ ಹೊರತು ಫ್ರಾಕು ಸಿಗುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬ್ಲೇಡನ್ನು ಪಕ್ಕಕ್ಕಿಟ್ಟಳು.

"ಆಗಲ್ಲಕ್ಕ," ಎಂದಳು ಕೊನೆಗೆ. "ತೆಗೆದ್ರೆ ಎಲ್ಲಾ ಹೋಗುತ್ತೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಮಂಚ ಹತ್ತಿ, ಕೌದಿಯ ಮೇಲೆ ಮಗ್ಗುಲಾಗಿ ಮಲಗಿ, ಬ್ಲೇಡು ತಾಗಿದ ಜಾಗವನ್ನು ಹುಡುಕಿದಳು. ಅಲ್ಲಿ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಬೆರಳನ್ನು ಒಳಗೆ ತೂರಿಸಿ, ಮೇಣ ತಗಲುತ್ತದೆಯೋ ಎಂದು ಮೆಲ್ಲಗೆ ಆಡಿಸಿದಳು. ಬಟ್ಟೆ ಸಣ್ಣಗೆ ಹರಿಯುವ ಸದ್ದಾಯಿತು. ತಂಗಿ ತಡೆಯಲು ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಅಕ್ಕನ ಬೆರಳು ಇನ್ನೂ ಸ್ವಲ್ಪ ಒಳಗೆ ಹೋಯಿತು.