ಸೇತುವೆ ಮೇಲೆ ಟೈರು ಕೂತಾಗ

ಗೇಟು, ಕಿಟಕಿ ಮಾಡುವ ಶೆಡ್ಡುಗಳು ಸಾಲಾಗಿರುವ ಬೀದಿ ಅದು. ಮೊಳೆ, ತಂತಿ ಚೂರು, ಕಬ್ಬಿಣದ ಸೀಳು ಎಲ್ಲ ಮಣ್ಣಲ್ಲಿ ಬೆರೆತಿರುತ್ತವೆ. ಅಲ್ಲಿ ಬೈಕು ಪಂಕ್ಚರ್ ಆಗೋದು ನೆಗಡಿ ಬಂದಷ್ಟೇ ಮಾಮೂಲು.

ಕೊನೇ ಶೆಡ್ಡಿನ ವೆಲ್ಡರ್‌ಗಂತೂ ಅದು ತಮಾಷೆ. "ಪಂಕ್ಚರ್ ಆದ್ರೆ ಏನೀಗ? ತಳ್ಕೊಂಡು ಹೋದ್ರಾಯ್ತು, ಹೊಟ್ಟೆನೂ ಕರಗುತ್ತೆ," ಅನ್ನುತ್ತಿದ್ದ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಒಬ್ಬಳೇ ಮಗಳು, ಪುಟ್ಟಿ. ಅವಳ ಶಾಲೆ ನದಿಯಾಚೆ. ನಡುವೆ ಉದ್ದದ ಸೇತುವೆ, ಅದರ ಮೇಲೆ ಹಗಲೆಲ್ಲ ಲಾರಿಗಳು.

ಒಂದು ಮಧ್ಯಾಹ್ನ ಅವನು ಪುಟ್ಟಿಯನ್ನು ಶಾಲೆಯಿಂದ ಬೈಕಲ್ಲಿ ಕರೆತರುತ್ತಿದ್ದ. ಸೇತುವೆ ನಡುವೆ ಬಂದಾಗ ಹಿಂದಿನ ಟೈರಿನ ಗಾಳಿ ಒಮ್ಮೆಲೇ ಇಳಿದು ಚಕ್ರ ಸೊಂಟ ಮುರಿದಂತೆ ಅತ್ತಿತ್ತ ಜೋಲಿ ಹೊಡೆಯಿತು. ಹ್ಯಾಂಡಲ್ ಕೈಗೆ ಸಿಗಲೇ ಇಲ್ಲ.

"ಅಪ್ಪಾ!"

ಬೈಕು ಒಂದು ಕಡೆ ಬಿತ್ತು, ಮಗು ಇನ್ನೊಂದು ಕಡೆ, ರಸ್ತೆ ನಡುವಿಗೆ ಜಾರಿತು. ಅವಳ ಹೆಲ್ಮೆಟ್ ಟಾರಿಗೆ ಬಡಿದ ಸದ್ದು ಕೇಳಿತು. ಆಮೇಲೆ ಲಾರಿಯ ಬ್ರೇಕು ಕಿರುಚಿತು.

ಲಾರಿ ನಿಂತಿತು. ಪುಟ್ಟಿಯಷ್ಟೇ ಎತ್ತರದ ಚಕ್ರ ಅವಳಿಂದ ಒಂದು ಮಾರು ದೂರದಲ್ಲಿತ್ತು. ಡ್ರೈವರ್ ಕೆಳಗಿಳಿದವನೇ ರಸ್ತೆ ಮೇಲೆ ಕೂತುಬಿಟ್ಟ. "ಮಗೂನ ನೋಡಪ್ಪಾ, ಮೊದಲು ಮಗೂನ ನೋಡು," ಅಂದ.

ಮಂಡಿ ತರಚಿತ್ತು, ಅಷ್ಟೇ. ಆದರೆ ಅವತ್ತಿನಿಂದ ಪುಟ್ಟಿ ಬೈಕಿನ ಸದ್ದು ಕೇಳಿದರೆ ಹೊಲಿಗೆ ಮೆಷಿನ್ ಹಿಂದೆ ಅವಿತುಕೊಳ್ಳುತ್ತಿದ್ದಳು. ಅಪ್ಪ ಎತ್ತಿಕೊಳ್ಳಲು ಹೋದರೂ ಮೈ ಬಿಗಿ ಮಾಡುತ್ತಿದ್ದಳು. ಹೊಟ್ಟೆ ಕರಗುತ್ತೆ ಅನ್ನುವ ಅವನ ತಮಾಷೆ ನಿಂತುಹೋಯಿತು.

ವಿಷಯ ತಿಳಿದು ಅವನ ಅಕ್ಕ ಬಂದಳು. ಬೈಕಲ್ಲೇ ಔಷಧಿ ಅಂಗಡಿಗಳಿಗೆ ಮಾತ್ರೆ, ಬಾಟಲಿ ತಲುಪಿಸುವುದು ಅವಳ ಕೆಲಸ. ಚೀಲದಿಂದ ಒಂದು ಡಬ್ಬಿ ತೆಗೆದಳು.

"ಇದು ಸೀಲೆಂಟ್. ಪಂಕ್ಚರ್ ತಡೆಯೋ ದ್ರವ. ಟೈರೊಳಗೆ ಹಾಕಬೇಕು."

"ಟೈರಿಗೂ ಟಾನಿಕ್ಕಾ? ಇದನ್ನ ನೋಡಿ ಮೊಳೆ ಹೆದರಿ ಓಡುತ್ತಾ?" ಅಂದ ತಮ್ಮ. ಯಾರೂ ನಗಲಿಲ್ಲ.

"ಮೊಳೆ ಚುಚ್ಚೇ ಚುಚ್ಚುತ್ತೆ. ಆದ್ರೆ ಗಾಳಿ ಹೊರಗೆ ನುಗ್ಗುವಾಗ ಈ ದ್ರವನೂ ಆ ತೂತಿಗೆ ನುಗ್ಗುತ್ತೆ. ಇದರಲ್ಲಿರೋ ನಾರು ಅಲ್ಲೇ ಸಿಕ್ಕಿಕೊಂಡು ಬಿರಡೆ ಹಾಕಿದ ಹಾಗೆ ಮುಚ್ಚುತ್ತೆ. ಗಾಳಿ ಒಮ್ಮೆಲೇ ಇಳಿಯಲ್ಲ. ಸೇತುವೆ ದಾಟೋಕೆ ಸಮಯ ಸಿಗುತ್ತೆ ಕಣೋ."

"ಹಾಗಾದ್ರೆ ಇನ್ನು ಭಯವೇ ಇಲ್ವಾ ಅತ್ತಿಗೆ?" ಅಂತ ಹೆಂಡತಿ ಕೇಳಿದಳು.

"ಹಾಗಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಇದು ಸಣ್ಣ ತೂತಿಗೆ ಮಾತ್ರ. ಟೈರಿನ ಪಕ್ಕ ಹರಿದ್ರೆ, ದೊಡ್ಡದಾಗಿ ಸೀಳಿದ್ರೆ ಏನೂ ಪ್ರಯೋಜನವಿಲ್ಲ." ಅಕ್ಕ ಬಗ್ಗಿ ಹಿಂದಿನ ಟೈರು ಸವರಿದಳು. ಅಂಗೈಯಷ್ಟೇ ನುಣುಪು. "ಅಯ್ಯೋ, ಇದರ ಮೇಲೆ ಮಗೂನ ಕೂರಿಸ್ತಿದ್ದೀಯಾ? ಸವೆದ ಟೈರಿಗೆ ಸೀಲೆಂಟ್ ಹಾಕೋದು ಕೊಳೆತ ಹಗ್ಗಕ್ಕೆ ಬಣ್ಣ ಬಳಿದ ಹಾಗೆ. ಮೊದಲು ಟೈರು ಬದಲಾಯಿಸು."

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಮೆಷಿನ್ ಹಿಂದಿನಿಂದ ಇಣುಕುತ್ತಿದ್ದ ಪುಟ್ಟಿಯ ಎರಡು ಕಣ್ಣು ನೋಡಿ, ಡಬ್ಬಿ ಹಿಡಿದು ಮೆಕ್ಯಾನಿಕ್ ಹತ್ತಿರ ಹೊರಟ. ಮೆಕ್ಯಾನಿಕ್ ಹೊಸ ಟೈರು ಹಾಕಿದ, ಗಾಳಿ ತುಂಬುವ ವಾಲ್ವಿನ ಪಿನ್ನು ಬಿಚ್ಚಿ, ಡಬ್ಬಿ ಮೇಲೆ ಬರೆದಿದ್ದಷ್ಟೇ ದ್ರವ ಹಾಕಿದ, ಗಾಳಿ ತುಂಬಿದ. "ನಿಧಾನಕ್ಕೆ ಒಂದು ಸುತ್ತು ಓಡ್ಸಿ, ಒಳಗೆಲ್ಲ ಹರಡಲಿ," ಅಂದ.

ಆಮೇಲೆ ಕೆಲವು ದಿನ ವೆಲ್ಡರ್ ಒಬ್ಬನೇ ಬೈಕಲ್ಲಿ ಓಡಾಡಿದ. ಪುಟ್ಟಿ ಅಮ್ಮನ ಕೈ ಹಿಡಿದು ನಡೆದೇ ಶಾಲೆಗೆ ಹೋಗುತ್ತಿದ್ದಳು.

ಒಂದು ಸಂಜೆ ಸೇತುವೆ ದಾಟಿ ಬಂದು ಬೈಕು ತೊಳೆಯುತ್ತಿದ್ದ. ಹಿಂದಿನ ಟೈರಿನಲ್ಲಿ ಏನೋ ಮಿನುಗಿತು. ಮೊಳೆಯ ತಲೆ! ಪೂರಾ ಒಳಗಿಳಿದಿತ್ತು. ನೀರು ಹೊಯ್ದ. ಒಂದು ಗುಳ್ಳೆಯೂ ಏಳಲಿಲ್ಲ.

ಈಗಷ್ಟೇ ಎರಡು ಲಾರಿಗಳ ನಡುವೆ ಬಂದಿದ್ದ. ಚುಚ್ಚಿದ್ದೇ ಗೊತ್ತಾಗಿರಲಿಲ್ಲ.

ಹೆಂಡತಿ ಬಂದು ನೋಡಿದಳು. "ಸೇತುವೆ ಮೇಲೆ ಗಾಳಿ ಇಳಿದಿದ್ರೆ..." ಅನ್ನುತ್ತ ಮೆಟ್ಟಿಲ ಮೇಲೆ ಕೂತಳು.

ಕಿತ್ತರೆ ಗಾಳಿ ಇಳಿದೀತು ಅಂತ ಅವನು ಮೊಳೆ ಕೀಳಲಿಲ್ಲ. ನಿಧಾನಕ್ಕೆ ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋಗಿ ತೂತು ಸರಿಯಾಗಿ ಮುಚ್ಚಿಸಿದ. ಅಕ್ಕನಿಗೆ ಫೋನ್ ಮಾಡಿ, "ನೀನು ಹೇಳಿದ್ದು ನಿಜ ಕಣಕ್ಕಾ," ಅಂದ.

ಎಷ್ಟೋ ದಿನದ ಮೇಲೆ ಪುಟ್ಟಿ ಬೈಕಿನ ಹತ್ತಿರ ಬಂದಳು. "ಅಪ್ಪಾ, ಇವತ್ತೂ ಬೀಳ್ತೀವಾ?"

"ಬೀಳೋದೇ ಇಲ್ಲ ಅಂತ ಸುಳ್ಳು ಹೇಳಲ್ಲ ಕಂದಾ. ಬೀಳದ ಹಾಗೆ ನನ್ನ ಕೈಲಾದದ್ದೆಲ್ಲ ಮಾಡಿದ್ದೀನಿ. ನಿಧಾನಕ್ಕೆ ಹೋಗ್ತೀನಿ."

ಅವಳು ಹತ್ತಿದಳು. ಸೇತುವೆ ಮುಗಿಯುವ ತನಕ ಅವಳ ಉಗುರು ಅವನ ಬೆನ್ನಿಗೆ ಚುಚ್ಚುತ್ತಲೇ ಇತ್ತು.

ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೈಕು ಈಗ ಎಲ್ಲಿ ನಿಂತಿದೆ? ಎದ್ದು ಹೋಗಿ ಟೈರು ಸವರಿ ನೋಡಿ. ಸವೆದಿದ್ದರೆ ಬದಲಾಯಿಸಿ. ನಿಮ್ಮ ಟೈರಿಗೆ ಹೊಂದುವ ಸೀಲೆಂಟ್ ಯಾವುದು ಅಂತ ಮೆಕ್ಯಾನಿಕ್ ಹತ್ತಿರ ಕೇಳಿ ಹಾಕಿಸಿ, ಅದರ ಅವಧಿ ಮುಗಿದರೆ ಹೊಸದು ಹಾಕಿಸಿ. ಗಾಳಿ ಆಗಾಗ ಪರೀಕ್ಷಿಸಿ. ಹೆಲ್ಮೆಟ್ ನಿಮಗೂ ಇರಲಿ, ಹಿಂದೆ ಕೂತವರಿಗೂ ಇರಲಿ. ಎಲ್ಲ ಲಾರಿಗಳೂ ಒಂದು ಮಾರು ದೂರದಲ್ಲಿ ನಿಲ್ಲುವುದಿಲ್ಲ.